ಝೀರಾದ ನೀರು ಹೊತ್ತು ಪಂಜಾಬಿಗೆ

ಬೀದರಿನಲ್ಲಿ ಬೆಳೆದವರಿಗೆ ಸಿಖ್ಖರು ಹೊರಗಿನವರಲ್ಲ. ನಮ್ಮ ಮನೆಯಲ್ಲಿ ಯಾವ ಮಗುವನ್ನೂ ನಾನಕ್ ಝೀರಾ ಗುರುದ್ವಾರದ ಚಿಲುಮೆಯ ನೀರು ಕುಡಿಸದೆ ಶಾಲೆಗೆ ಸೇರಿಸಿದ್ದಿಲ್ಲ. ಜಂಬಿಟ್ಟಿಗೆಯ ಬಂಡೆಯಿಂದ ಗುರು ನಾನಕರು ಸಿಹಿನೀರು ಬರಿಸಿದ ಕಥೆಯನ್ನು ಅವ್ವ ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ. ಅದರ ಬೆನ್ನಿಗೇ ಇನ್ನೊಂದು ಕಥೆ ಬರುತ್ತಿತ್ತು. 1699ರ ವೈಶಾಖಿಯ ದಿನ ಆನಂದಪುರದಲ್ಲಿ ಗುರು ಗೋವಿಂದ ಸಿಂಗರು ಖಡ್ಗ ಹಿರಿದು, ತಲೆ ಕೊಡುವವರು ಯಾರಿದ್ದೀರಿ ಎಂದು ಕೇಳಿದರು. ಒಬ್ಬರ ಹಿಂದೊಬ್ಬರಾಗಿ ಎದ್ದ ಐವರಲ್ಲಿ ಒಬ್ಬ ನಮ್ಮೂರಿನವನು, ಕ್ಷೌರಿಕರ ಮನೆಯ ಸಾಹಿಬ್ ಚಂದ್. ಅಂದಿನಿಂದ ಅವನು ಭಾಯಿ ಸಾಹಿಬ್ ಸಿಂಗ್.

‘ಅವನು ಎದ್ದು ನಿಂತ ಜಾಗವನ್ನು ಒಮ್ಮೆ ತೋರಿಸು’ ಎಂದು ಅವ್ವ ನಾಲ್ಕು ವರ್ಷದಿಂದ ಕೇಳುತ್ತಿದ್ದಳು. ಅವಳಿಗೆ ಈಗ ಅರವತ್ತೆಂಟು, ಎರಡೂ ಮೊಣಕಾಲು ನೋವು. ಈ ಫೆಬ್ರುವರಿಯ ಕೊನೆಯ ವಾರ ಹೊರಟೇಬಿಟ್ಟೆವು. ತಿಂಗಳನ್ನು ನೋಡಿಯೇ ಆರಿಸಿದ್ದು. ಡಿಸೆಂಬರ್, ಜನವರಿಯಲ್ಲಿ ಅಲ್ಲಿ ಮಂಜು ಮುಸುಕಿ ರೈಲುಗಳು ಗಂಟೆಗಟ್ಟಲೆ ತಡವಾಗುತ್ತವೆ. ಮೇ, ಜೂನ್ ತಿಂಗಳ ಬಿಸಿಲು ನಮ್ಮ ಕಲಬುರಗಿಯ ಬಿಸಿಲಿಗೆ ಸಮ. ಮಾರ್ಚಿನ ಹೋಲಾ ಮೊಹಲ್ಲಾ ಹಬ್ಬಕ್ಕೂ ಏಪ್ರಿಲಿನ ವೈಶಾಖಿಗೂ ಆನಂದಪುರದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಫೆಬ್ರುವರಿಯಲ್ಲಿ ಬೆಳಗಿನ ಹೊತ್ತು ಸ್ವೆಟರ್ ಬೇಕು, ಮಧ್ಯಾಹ್ನ ಬೇಡ. ಹೊಲಗಳಲ್ಲಿ ಹಸಿರು ಗೋಧಿ, ಹಳದಿ ಸಾಸಿವೆ.

ಹೊರಡುವ ದಿನ ಅವ್ವ ಝೀರಾಕ್ಕೆ ಹೋಗಿ ಒಂದು ಸಣ್ಣ ಸ್ಟೀಲ್ ಬಾಟಲಿಯಲ್ಲಿ ನೀರು ತುಂಬಿಸಿಕೊಂಡು ಬಂದಳು. ಯಾರಿಗೆ ಎಂದು ಕೇಳಿದೆ. ಅವಳು ಹೇಳಲಿಲ್ಲ.

ಬುಧವಾರ, ಗುರುವಾರ: ರೈಲು

ಬೆಂಗಳೂರಿನವರು ಅಮೃತಸರಕ್ಕೆ ವಿಮಾನದಲ್ಲಿ ಹೋಗಬಹುದು, ಅಥವಾ ದೆಹಲಿ ತಲುಪಿ ಅಲ್ಲಿಂದ ಶತಾಬ್ದಿ ರೈಲು ಹಿಡಿದರೆ ಸುಮಾರು ಆರು ಗಂಟೆ. ನಮಗೆ ನಾಂದೇಡ ಹತ್ತಿರ. ಗುರು ಗೋವಿಂದ ಸಿಂಗರು 1708ರಲ್ಲಿ ದೇಹ ಬಿಟ್ಟ ಊರು ಅದು. ಹಿಂದಿನ ಸಂಜೆಯೇ ಬಸ್ಸಿನಲ್ಲಿ ಹೋಗಿ, ಅಲ್ಲಿನ ಹಜೂರ್ ಸಾಹಿಬ್ ಗುರುದ್ವಾರಕ್ಕೆ ಕೈಮುಗಿದು, ಬೆಳಿಗ್ಗೆ ಸಚ್‌ಖಂಡ್ ಎಕ್ಸ್‌ಪ್ರೆಸ್ ಹತ್ತಿದೆವು. ಬೆಳಿಗ್ಗೆ ಹೊರಟ ಈ ರೈಲು ಮರುದಿನ ರಾತ್ರಿಯ ಹೊತ್ತಿಗೆ ಅಮೃತಸರ ಸೇರುತ್ತದೆ.

ಈ ರೈಲು ಹತ್ತುವವರಿಗೆ ನಾನು ಮೊದಲು ಹೇಳುವ ಮಾತು: ಒಂದು ತಟ್ಟೆ, ಒಂದು ಬಟ್ಟಲು ಜೊತೆಯಲ್ಲಿರಲಿ. ದಾರಿಯ ಹಲವು ನಿಲ್ದಾಣಗಳಲ್ಲಿ ಊರಿನ ಸಿಖ್ಖರು ಬಕೆಟ್ಟುಗಳಲ್ಲಿ ಲಂಗರಿನ, ಎಂದರೆ ಎಲ್ಲರಿಗೂ ಉಚಿತವಾಗಿ ಬಡಿಸುವ, ಊಟ ಹಿಡಿದು ಕಾದಿರುತ್ತಾರೆ. ರೈಲು ನಿಲ್ಲುವುದು ಕೆಲವೇ ನಿಮಿಷ. ಜನ ಕಿಟಕಿ ಬಾಗಿಲುಗಳಿಂದ ಪಾತ್ರೆ ಚಾಚುತ್ತಾರೆ, ಅವರು ಓಡೋಡಿ ಬಡಿಸುತ್ತಾರೆ. ನೀವು ಯಾರು, ಯಾವ ದರ್ಜೆಯ ಬೋಗಿಯವರು ಎಂದು ಯಾರೂ ನೋಡುವುದಿಲ್ಲ. ನಮ್ಮ ಬಳಿ ಪಾತ್ರೆ ಇರಲಿಲ್ಲ. ಎದುರು ಸೀಟಿನಲ್ಲಿ ತರನ್ ತಾರನ್ ಕಡೆಯ ವಯಸ್ಸಾದ ಹೆಂಗಸೊಬ್ಬರು ಕುಳಿತಿದ್ದರು, ಹಜೂರ್ ಸಾಹಿಬಿನಿಂದ ಮರಳುತ್ತಿದ್ದವರು. ಅಂಥವರನ್ನು ಅಲ್ಲಿ ಬೀಬಿಜಿ ಎಂದು ಕರೆಯುತ್ತಾರೆ. ತಮ್ಮ ಚೀಲದಿಂದ ಎರಡು ತಟ್ಟೆ ತೆಗೆದುಕೊಟ್ಟರು.

ಭೂಸಾವಳದಲ್ಲಿ ನಾನು ಎಡಗೈಯಲ್ಲಿ ಕಂಬಿ ಹಿಡಿದು ಬಲಗೈಯಲ್ಲಿ ರೊಟ್ಟಿ ಇಸಿದುಕೊಳ್ಳಲು ಹೋದೆ. ಬೀಬಿಜಿ ಹಿಂದಿನಿಂದ ನನ್ನ ಎಡಗೈಯನ್ನು ಮೆಲ್ಲನೆ ಎಳೆದು ಬಲಗೈಯ ಪಕ್ಕಕ್ಕೆ ಜೋಡಿಸಿದರು. ‘ಎರಡೂ ಕೈ, ಪುತ್ತರ್’ ಎಂದರು. ಅಲ್ಲಿ ರೊಟ್ಟಿಗೆ ಪರ್ಶಾದಾ ಎನ್ನುತ್ತಾರೆ. ಪ್ರಸಾದವನ್ನು ಒಂದು ಕೈಯಲ್ಲಿ ತೆಗೆದುಕೊಳ್ಳುವುದಿಲ್ಲ. ಮುಂದಿನ ಆರು ದಿನ ಎಲ್ಲಿ ಹೋದರೂ ಈ ಒಂದು ಪಾಠ ನನ್ನನ್ನು ಕಾಯಿತು.

ಕತ್ತಲಾದ ಮೇಲೆ ಅಮೃತಸರದಲ್ಲಿ ಇಳಿದೆವು. ನಿಲ್ದಾಣದಿಂದ ದರ್ಬಾರ್ ಸಾಹಿಬಿಗೆ ಗುರುದ್ವಾರದ ಉಚಿತ ಬಸ್ಸುಗಳಿವೆ. ಊರಿನವರು ಯಾರೂ ಸ್ವರ್ಣಮಂದಿರ ಎನ್ನುವುದಿಲ್ಲ, ದರ್ಬಾರ್ ಸಾಹಿಬ್ ಅಥವಾ ಹರ್‌ಮಂದಿರ್ ಸಾಹಿಬ್ ಎನ್ನುತ್ತಾರೆ. ನೀವೂ ಹಾಗೆಯೇ ಕೇಳಿ, ಮಾತಿನ ಧಾಟಿಯೇ ಬದಲಾಗುತ್ತದೆ. ಯಾತ್ರಿಗಳಿಗಾಗಿ ಸುತ್ತಲೂ ಗುರು ರಾಮದಾಸ್ ಸರಾಯ್, ಸಾರಾಗಢಿ ನಿವಾಸದಂತಹ ವಸತಿಗಳಿವೆ. ಕೆಲವು ಕೋಣೆಗಳನ್ನು ಶಿರೋಮಣಿ ಗುರುದ್ವಾರ ಪ್ರಬಂಧಕ ಸಮಿತಿಯ ಜಾಲತಾಣದಲ್ಲಿ ಮೊದಲೇ ಕಾಯ್ದಿರಿಸಬಹುದು. ಮೂಲ ಗುರುತಿನ ಚೀಟಿ ಬೇಕು, ಸಾಮಾನಿಗೆ ಸ್ವಂತ ಬೀಗ ಬೇಕು, ಮೂರು ದಿನಕ್ಕಿಂತ ಹೆಚ್ಚು ಉಳಿಯುವ ಆಸೆ ಇಟ್ಟುಕೊಳ್ಳಬಾರದು.

ಶುಕ್ರವಾರ: ದರ್ಬಾರ್ ಸಾಹಿಬ್

ನಸುಕಿನ ಮೂರೂವರೆಗೆ ಎದ್ದೆವು. ಇಷ್ಟು ಬೇಗ ಏಕೆ ಎಂದರೆ, ಸಿಖ್ಖರಿಗೆ ಗುರು ಗ್ರಂಥ ಸಾಹಿಬ್ ಬರಿಯ ಪುಸ್ತಕವಲ್ಲ, ಜೀವಂತ ಗುರು. 1,430 ಪುಟಗಳು ಇವೆ, ಆದರೆ ಅವರು ಪುಟ ಎನ್ನುವುದಿಲ್ಲ, ಅಂಗ ಎನ್ನುತ್ತಾರೆ. ರಾತ್ರಿ ಆ ಗುರುವಿಗೆ ಎದುರಿನ ಅಕಾಲ್ ತಖ್ತ್ ಎಂಬ ಕಟ್ಟಡದಲ್ಲಿ ವಿಶ್ರಾಂತಿ. ನಸುಕಿನಲ್ಲಿ ಪಾಲಕಿಯಲ್ಲಿ ಕುಳ್ಳಿರಿಸಿ ಹರ್‌ಮಂದಿರಕ್ಕೆ ಕರೆತರುತ್ತಾರೆ. ಸಮಯ ಋತುವಿಗೆ ತಕ್ಕಂತೆ ಬದಲಾಗುವುದರಿಂದ ಹಿಂದಿನ ರಾತ್ರಿಯೇ ಅಲ್ಲಿ ಸೇವೆ ಮಾಡುವ ಸೇವಾದಾರರನ್ನು ಕೇಳಿಟ್ಟುಕೊಳ್ಳಬೇಕು. ಪಾಲಕಿಗೆ ಹೆಗಲು ಕೊಡಲು ಸಾಲು ಸಾಲಾಗಿ ಜನ ನಿಂತಿದ್ದರು. ಒಬ್ಬೊಬ್ಬರಿಗೆ ಸಿಗುವುದು ಎರಡು ಹೆಜ್ಜೆಯಷ್ಟು ದೂರ.

ಗುರು ಗ್ರಂಥ ಸಾಹಿಬ್ ಒಬ್ಬ ವ್ಯಕ್ತಿ ಎಂಬುದು ತಿಳಿದರೆ ಅಲ್ಲಿನ ರೀತಿ ರಿವಾಜುಗಳನ್ನು ಬಾಯಿಪಾಠ ಮಾಡಬೇಕಿಲ್ಲ. ಹಿರಿಯರ ಎದುರು ಕಾಲು ಚಾಚಿ ಕುಳಿತುಕೊಳ್ಳುತ್ತೇವೆಯೇ? ಬೆನ್ನು ತಿರುಗಿಸಿ ಎದ್ದು ಹೋಗುತ್ತೇವೆಯೇ? ಎರಡು ಹೆಜ್ಜೆ ಹಿಂದಕ್ಕಿಟ್ಟು ಆಮೇಲೆ ತಿರುಗುತ್ತೇವೆ. ಅಷ್ಟೇ. ಅರ್ದಾಸ್ ಎಂಬ ಪ್ರಾರ್ಥನೆಗೆ ಎಲ್ಲರೂ ಎದ್ದಾಗ ನಾವೂ ಎದ್ದು ಕೈಮುಗಿದು ನಿಲ್ಲಬೇಕು. ತಲೆ ಮುಚ್ಚಿರಬೇಕು, ಗಂಡಸರಿಗೂ ಇದು ಕಡ್ಡಾಯ, ಟೋಪಿ ಸಲ್ಲದು. ಬಾಗಿಲಲ್ಲಿ ಬುಟ್ಟಿಯಲ್ಲಿಟ್ಟ ಬಟ್ಟೆ ತೆಗೆದುಕೊಳ್ಳಬಹುದು, ಆದರೆ ಸ್ವಂತ ಬಟ್ಟೆ ಇದ್ದರೆ ದಿನವಿಡೀ ಅನುಕೂಲ. ಚಪ್ಪಲಿಯನ್ನು ಜೋಡಾ ಘರದಲ್ಲಿ, ದೊಡ್ಡ ಚೀಲವನ್ನು ಗಠರಿ ಘರದಲ್ಲಿ ಬಿಡಬೇಕು. ಕಾಲುಚೀಲವನ್ನೂ ತೆಗೆಯಬೇಕು. ದ್ವಾರದಲ್ಲಿ ಹರಿಯುವ ತೆಳ್ಳನೆಯ ನೀರಿನಲ್ಲಿ ಕಾಲಿಟ್ಟು ಒಳಗೆ ಹೋದಾಗ ಅಮೃತಶಿಲೆ ಮಂಜುಗಡ್ಡೆಯಂತಿತ್ತು. ಅವ್ವನ ಮೊಣಕಾಲು ಅಲ್ಲೇ ಹಿಡಿದುಕೊಂಡಿತು. ಪರಿಕ್ರಮದ ಉದ್ದಕ್ಕೂ ಹಾಸಿದ ಚಾಪೆಯ ಮೇಲೆಯೇ ನಡೆಯಿರಿ, ವಯಸ್ಸಾದವರನ್ನು ಕರೆದೊಯ್ಯುವವರು ಇದನ್ನು ನೆನಪಿಡಿ.

ಬೀಡಿ, ಸಿಗರೇಟು, ತಂಬಾಕು, ಗುಟ್ಕಾ ಜೇಬಿನಲ್ಲೂ ಇರಬಾರದು. ಸಿಖ್ಖರ ಪಾಲಿಗೆ ಇದು ಸಣ್ಣ ವಿಷಯವಲ್ಲ. ಸರೋವರದ ಸುತ್ತ ಬರ್ಚಿ ಹಿಡಿದು ನಿಂತ ಸೇವಾದಾರರು ಕೆಮರಾ ಮುಂದೆ ಕುಣಿಯುವವರನ್ನು ತಡೆಯುತ್ತಾರೆ. ಹರ್‌ಮಂದಿರದ ಒಳಗೆ ಫೋಟೊ ತೆಗೆಯುವಂತೆಯೇ ಇಲ್ಲ. ಹಾಗಿದ್ದೂ ನಮ್ಮ ಮುಂದಿದ್ದ ಒಬ್ಬ ಯುವಕ ಮೊಬೈಲ್ ಎತ್ತಿದ. ನನಗೆ ನಾಚಿಕೆಯಾಯಿತು. ಒಳಗೆ ಹೋಗುವ ಆ ಕಿರಿದಾದ ಸೇತುವೆಯ ಮೇಲೆ ಎರಡು ಗಂಟೆ ನಿಂತು ಬಂದವರ ಕಣ್ಣಲ್ಲಿ ನೀರಿತ್ತು.

ಒಳಗೆ ನಾಲ್ಕೈದು ನಿಮಿಷ ಕುಳಿತಿರಬಹುದು. ಕೀರ್ತನೆ ನಡೆದಿತ್ತು. ಗ್ರಂಥ ಸಾಹಿಬಿನ ಬಹುಪಾಲು ವಾಣಿಗಳು ರಾಗಗಳ ಕೆಳಗೆ ಜೋಡಿಸಿದವು, ಒಟ್ಟು 31 ರಾಗಗಳು. ಗುರುಗಳ ಜೊತೆಗೆ ಕಬೀರ, ರವಿದಾಸ, ಶೇಖ್ ಫರೀದ್, ಪಂಢರಪುರದ ನಾಮದೇವರ ಪದಗಳೂ ಅಲ್ಲಿವೆ. ಮಾತು ಅರ್ಥವಾಗದಿದ್ದರೂ ಅವ್ವ ‘ನಾಮಾ’ ಎಂಬ ಹೆಸರು ಕೇಳಿ ಥಟ್ಟನೆ ತಲೆಯೆತ್ತಿದಳು. ನಮ್ಮ ಕಡೆಯ ಭಜನೆಗಳಲ್ಲಿ ಬರುವ ಹೆಸರದು.

ಹೊರಗೆ ಕಡಾ ಪ್ರಸಾದ. ಗೋಧಿಹಿಟ್ಟು, ತುಪ್ಪ, ಸಕ್ಕರೆಯ ಹಲ್ವ. ಚೀಟಿ ಮಾಡಿಸಿ ದೊನ್ನೆಯಲ್ಲಿ ಒಯ್ದರೆ ಸೇವಾದಾರರು ಅರ್ಧ ತೆಗೆದು ದೊಡ್ಡ ಪಾತ್ರೆಗೆ ಹಾಕಿ ಉಳಿದರ್ಧ ನಿಮಗೆ ಮರಳಿಸುತ್ತಾರೆ. ಆ ಪಾತ್ರೆಯದು ಎಲ್ಲರ ಪಾಲು. ಬೇಡ ಎನ್ನಬಾರದು. ಸಕ್ಕರೆ ಕಾಯಿಲೆ ಇದ್ದವರು ಸ್ವಲ್ಪವೇ ಕೊಡಿ ಎಂದು ಕೇಳಿದರೆ ಕೊಡುತ್ತಾರೆ.

ಇನ್ನೊಂದು ಸಂಗತಿಯನ್ನು ಹೆಣ್ಣುಮಕ್ಕಳಿಗಾಗಿಯೇ ಬರೆಯುತ್ತಿದ್ದೇನೆ. ಅಂದು ಮಧ್ಯಾಹ್ನ ನನಗೆ ಮುಟ್ಟಾಯಿತು. ಇನ್ನು ನಾಲ್ಕು ದಿನ ಹೊರಗೇ ಕೂರಬೇಕೇನೋ ಎಂದು ಗಂಟಲು ಕಟ್ಟಿತು. ಸರಾಯಿನ ಪಕ್ಕದ ಕೋಣೆಯಲ್ಲಿದ್ದ ಹಿರಿಯ ಹೆಂಗಸನ್ನು ಕೇಳಿದೆ. ಅವರಿಗೆ ನನ್ನ ಪ್ರಶ್ನೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ನನ್ನ ಕೆನ್ನೆ ಸವರಿ, ಗುರುವಿನ ಮನೆಯಲ್ಲಿ ಅಂಥದ್ದೆಲ್ಲ ಇಲ್ಲ, ಹೋಗು ಎಂದರು. ಸೂತಕ ಎಂಬುದು ಭ್ರಮೆ ಎಂದು ಗುರು ನಾನಕರು ಆಸಾ ದೀ ವಾರ್‌ನಲ್ಲಿ ಹೇಳಿದ್ದಾರೆ, ಅದನ್ನು ದಿನವೂ ಬೆಳಿಗ್ಗೆ ಹಾಡುತ್ತಾರೆ. ಅವ್ವ ಪಕ್ಕದಲ್ಲೇ ಕುಳಿತು ಕೇಳಿಸಿಕೊಂಡಳು. ‘ಬಸವಣ್ಣ ಹೇಳಿದ್ದೂ ಅದನ್ನೇ ಅಲ್ಲವೇ, ನಾವೇ ಮತ್ತೆ ಕಟ್ಟಿಕೊಂಡೆವು’ ಎಂದಳು. ಸಂಜೆ ನನ್ನನ್ನು ಕೈಹಿಡಿದು ಅವಳೇ ಒಳಗೆ ಕರೆದುಕೊಂಡು ಹೋದಳು.

ಲಂಗರಿನ ಬಗ್ಗೆ ಎಷ್ಟು ಬರೆದರೂ ಸಾಲದು. ಹಗಲು ರಾತ್ರಿ ನಡೆಯುವ ಅಡುಗೆಮನೆ ಅದು, ದಿನಕ್ಕೆ ಉಣ್ಣುವವರು ಐವತ್ತು ಸಾವಿರಕ್ಕೂ ಹೆಚ್ಚು. ಬಾಗಿಲಲ್ಲಿ ತಟ್ಟೆ, ಬಟ್ಟಲು, ಚಮಚ ಕೊಡುತ್ತಾರೆ. ನೆಲದ ಮೇಲೆ ಪಂಗತ್ ಎಂಬ ಸಾಲಿನಲ್ಲಿ ಕುಳಿತರೆ ಬೇಳೆ, ಪಲ್ಯ, ರೊಟ್ಟಿ, ಖೀರು ಬರುತ್ತವೆ. ಕೆಳಗೆ ಕೂರಲಾಗದವರಿಗೆ ಬದಿಯಲ್ಲಿ ಜಾಗ ಮಾಡಿಕೊಡುತ್ತಾರೆ, ಸಂಕೋಚವಿಲ್ಲದೆ ಕೇಳಬೇಕು. ತಟ್ಟೆಯಲ್ಲಿ ಏನನ್ನೂ ಬಿಡಬಾರದು, ಆದ್ದರಿಂದ ಸ್ವಲ್ಪ ಸ್ವಲ್ಪವೇ ಹಾಕಿಸಿಕೊಳ್ಳಿ, ಎಷ್ಟು ಸಲವಾದರೂ ಬಡಿಸುತ್ತಾರೆ. ಮಾಂಸ, ಮೊಟ್ಟೆಯ ಭಯ ಬೇಡ, ಲಂಗರಿನದು ಶುದ್ಧ ಸಸ್ಯಾಹಾರ.

ಊಟವಾದ ಮೇಲೆ ಅವ್ವ ‘ಇದು ನಮ್ಮ ದಾಸೋಹ’ ಎಂದಳು. ಆದರೆ ಅವಳು ಕಂಡ ಎಷ್ಟೋ ದಾಸೋಹಗಳಲ್ಲಿ ಬಂದವರು ಉಂಡು ಏಳುತ್ತಾರೆ. ಇಲ್ಲಿ ಉಂಡವರು ಎದ್ದು ಕೆಲಸಕ್ಕೆ ಹೋಗುತ್ತಿದ್ದರು. ಬೆಳ್ಳುಳ್ಳಿ ಸುಲಿಯುವವರು, ಹಿಟ್ಟು ಲಟ್ಟಿಸುವವರು, ಪಾತ್ರೆ ತೊಳೆಯುವವರು. ಯಾರ ಅಪ್ಪಣೆಯೂ ಬೇಕಿಲ್ಲ, ಹೋಗಿ ಕುಳಿತರೆ ಪಕ್ಕದವರು ಸರಿದು ಜಾಗ ಬಿಡುತ್ತಾರೆ. ಅವ್ವ ಲಟ್ಟಣಿಗೆ ತೆಗೆದುಕೊಂಡವಳು ಸ್ವಲ್ಪ ಹೊತ್ತಿಗೆ ಅದನ್ನು ಬದಿಗಿಟ್ಟು ಹಿಟ್ಟನ್ನು ಅಂಗೈಯಲ್ಲಿ ಬಡಿಯತೊಡಗಿದಳು, ಜೋಳದ ರೊಟ್ಟಿ ಬಡಿದಂತೆ. ಸುತ್ತಲಿನ ಹೆಂಗಸರು ಕೆಲಸ ನಿಲ್ಲಿಸಿ ನೋಡಿದರು. ಒಂದೂವರೆ ಗಂಟೆ ಅಲ್ಲಿಂದ ಕದಲಲಿಲ್ಲ. ಮೊಣಕಾಲಿನ ನೆನಪೇ ಅವಳಿಗಿರಲಿಲ್ಲ.

ಶನಿವಾರ: ಹಳೆಯ ಪೇಟೆ

ಜಲಿಯನ್‌ವಾಲಾ ಬಾಗ್ ಕೂಗಳತೆಯ ದೂರದಲ್ಲಿದೆ. 1919ರ ಏಪ್ರಿಲ್ 13ರಂದು, ಅದೂ ವೈಶಾಖಿಯ ದಿನವೇ, ಬ್ರಿಟಿಷ್ ಅಧಿಕಾರಿ ಡೈಯರ್‌ನ ಸೈನಿಕರು ಇಲ್ಲಿ 1,650 ಸುತ್ತು ಗುಂಡು ಹಾರಿಸಿದರು. ಸರ್ಕಾರ ಒಪ್ಪಿಕೊಂಡ ಸಾವುಗಳೇ 379. ಗೋಡೆಯ ಮೇಲಿನ ಗುಂಡಿನ ಗುರುತುಗಳನ್ನೂ ಬಾವಿಯನ್ನೂ ಕಾಪಾಡಿದ್ದಾರೆ. ಸೈನಿಕರು ಬಂದ ಇಕ್ಕಟ್ಟಾದ ಓಣಿಯನ್ನು 2021ರ ನವೀಕರಣದಲ್ಲಿ ನಗುವ ಮುಖಗಳ ಶಿಲ್ಪಗಳಿಂದ ತುಂಬಿದ್ದಾರೆ. ಅದು ನನ್ನ ಮನಸ್ಸಿಗೆ ಒಗ್ಗಲಿಲ್ಲ. ಬರಿ ಇಟ್ಟಿಗೆಯ ಗೋಡೆಗಳ ನಡುವೆ ನಡೆದಿದ್ದರೆ ಆ ಓಣಿ ಎಷ್ಟು ಕಿರಿದೆಂಬುದು ಮೈಗೆ ತಾಗುತ್ತಿತ್ತು.

ಹಳೆಯ ಟೌನ್ ಹಾಲಿನಲ್ಲಿ 2017ರಿಂದ ವಿಭಜನೆಯ ವಸ್ತುಸಂಗ್ರಹಾಲಯವಿದೆ. ಎರಡು ಗಂಟೆಯಾದರೂ ಇಟ್ಟುಕೊಂಡು ಹೋಗಿ, ಸೋಮವಾರ ರಜೆ. ಅಲ್ಲೊಂದು ಫುಲ್ಕಾರಿ ಕಸೂತಿಯ ಕೋಟು ಮತ್ತು ಒಂದು ಚರ್ಮದ ಪೆಟ್ಟಿಗೆ ಇವೆ. ಮದುವೆ ನಿಶ್ಚಯವಾಗಿದ್ದ ಹುಡುಗ, ಹುಡುಗಿ ಗಲಭೆಯಲ್ಲಿ ಬೇರೆ ಬೇರೆಯಾದರು. ಅವಳ ಬಳಿ ಆ ಕೋಟು, ಅವನ ಬಳಿ ಆ ಪೆಟ್ಟಿಗೆ. ಅಮೃತಸರದ ನಿರಾಶ್ರಿತರ ಶಿಬಿರದಲ್ಲಿ ಊಟದ ಸಾಲಿನಲ್ಲಿ ನಿಂತಾಗ ಒಬ್ಬರನ್ನೊಬ್ಬರು ಮತ್ತೆ ಕಂಡರು. ಮುಂದಿನ ವರ್ಷ ಮದುವೆಯಾದರು. ಅವ್ವನಿಗೆ ಇದನ್ನು ಓದಿ ಹೇಳಿದೆ. ಅವಳು ಗಾಜಿನ ಮುಂದೆ ತುಂಬ ಹೊತ್ತು ನಿಂತಿದ್ದಳು.

ಅದೇ ಸಂಜೆ ಪೇಟೆಯಲ್ಲಿ ನಮಗೆ ಮೋಸವಾಯಿತು. ತಾನಾಗಿ ಮಾತಿಗಿಳಿದ ಒಬ್ಬ ಕೈಯಿಂದ ಹೊಲಿದ ಫುಲ್ಕಾರಿ ಕೊಡಿಸುತ್ತೇನೆಂದು ಒಂದು ಅಂಗಡಿಗೆ ಕರೆದೊಯ್ದ. ನಾನು ಕೊಂಡ ದುಪಟ್ಟಾ ಯಂತ್ರದ ಕಸೂತಿ ಎಂದು ತಿಳಿದದ್ದು ಮರುದಿನ, ಟ್ಯಾಕ್ಸಿಯಲ್ಲಿ ಜೊತೆಯಾದ ಹೆಂಗಸು ಅದನ್ನು ತಿರುಗಿಸಿ ತೋರಿಸಿದಾಗ. ಫುಲ್ಕಾರಿಯನ್ನು ಬಟ್ಟೆಯ ಹಿಂಬದಿಯಿಂದ ಎಳೆ ಎಣಿಸಿ ಹೊಲಿಯುತ್ತಾರೆ. ಹಿಂಬದಿ ಅಚ್ಚುಕಟ್ಟಾಗಿದ್ದು, ಮುಂದೆ ಉದ್ದುದ್ದ ಹೊಲಿಗೆಗಳು ರೇಷ್ಮೆಯಂತೆ ಹೊಳೆಯುತ್ತಿದ್ದರೆ ಕೈಕೆಲಸ. ಕೊಳ್ಳುವ ಮೊದಲು ತಿರುಗಿಸಿ ನೋಡಿ.

ಊಟದ ವಿಷಯ: ಹೋಟೆಲಿನ ಫಲಕದಲ್ಲಿ ‘ವೈಷ್ಣೋ ಢಾಬಾ’ ಎಂದಿದ್ದರೆ ಅದು ಸಸ್ಯಾಹಾರಿ. ಬೆಳಿಗ್ಗೆ ಒಲೆಯಿಂದ ತೆಗೆದ ಅಮೃತಸರಿ ಕುಲ್ಚಾ, ಜೊತೆಗೆ ಕಡಲೆಯ ಛೋಲೆ. ಒಂದು ಕುಲ್ಚಾ ಇಬ್ಬರಿಗೆ ಸಾಕು. ಲಸ್ಸಿಯ ಲೋಟ ನಮ್ಮ ತಂಬಿಗೆಯಷ್ಟು. ಮೆಕ್ಕೆಜೋಳದ ರೊಟ್ಟಿ, ಸಾಸಿವೆ ಸೊಪ್ಪಿನ ಸಾಗ್ ಚಳಿಗಾಲದಲ್ಲಿ ಮಾತ್ರ ರುಚಿ. ರೊಟ್ಟಿ ಕಂಡು ಅವ್ವನ ಮುಖ ಅರಳಿತು. ಸಾಗ್‌ನಲ್ಲಿ ಪುಂಡಿಪಲ್ಯದ ಹುಳಿ ಇಲ್ಲ ಎಂದಳು, ಆದರೆ ಬೆಣ್ಣೆ ಹಾಕಿಸಿಕೊಂಡು ಎರಡನೆಯ ಸಲ ಕೇಳಿದಳು. ಅನ್ನವಿಲ್ಲದೆ ನಿದ್ರೆ ಬಾರದವರು ಮಾತ್ರ ಸ್ವಲ್ಪ ಹುಡುಕಬೇಕಾಗುತ್ತದೆ.

ಸಂಜೆ ಧ್ವಜ ಇಳಿಸುವ ಸಮಾರಂಭ ನಡೆಯುವ ಗಡಿಯ ಅಟಾರಿಗೆ ನಾವು ಹೋಗಲಿಲ್ಲ. ಹೋಗುವವರು ಗುರುತಿನ ಚೀಟಿ ಇಟ್ಟುಕೊಂಡು, ಚೀಲಗಳನ್ನು ಕೋಣೆಯಲ್ಲೇ ಬಿಟ್ಟು ಮಧ್ಯಾಹ್ನವೇ ಹೊರಡಬೇಕು. ಆ ಸಂಜೆಯನ್ನು ಅವ್ವ ಸರೋವರದ ದಂಡೆಗೆ ಕೊಟ್ಟಳು.

ಭಾನುವಾರ: ಗೋಇಂದವಾಲ್

ಟ್ಯಾಕ್ಸಿಯಲ್ಲಿ ತರನ್ ತಾರನ್, ಅಲ್ಲಿಂದ ಬಿಯಾಸ್ ದಂಡೆಯ ಗೋಇಂದವಾಲ್ ಸಾಹಿಬ್. ತರನ್ ತಾರನ್ ಸರೋವರ ಸಮುದ್ರದಂತೆ ಹರಡಿದೆ, ಜನ ಕಡಿಮೆ. ಅಮೃತಸರದ ಗದ್ದಲದಲ್ಲಿ ಮನಸ್ಸು ನಿಲ್ಲದವರು ಇಲ್ಲಿಗೆ ಬರಬೇಕು.

ಗೋಇಂದವಾಲಿನಲ್ಲಿ ಮೂರನೆಯ ಗುರು ಅಮರದಾಸರು ಕಟ್ಟಿಸಿದ ಬಾವಲಿ ಇದೆ, 84 ಮೆಟ್ಟಿಲಿನ ಬಾವಿ. ಪ್ರತಿ ಮೆಟ್ಟಿಲಿಗೊಮ್ಮೆ ಬೆಳಗಿನ ಪ್ರಾರ್ಥನೆಯಾದ ಜಪ್‌ಜೀ ಹೇಳಿ, ಪ್ರತಿ ಸಲ ಇಳಿದು ಮಿಂದು ಬರುವ ಹರಕೆ ಹೊತ್ತವರಿರುತ್ತಾರೆ. ಮೊದಲು ಪಂಗತ್, ಆಮೇಲೆ ಸಂಗತ್ (ಸಭೆ) ಎಂಬ ನಿಯಮ ತಂದವರೂ ಈ ಗುರುಗಳೇ. ಗುರುವನ್ನು ನೋಡಬೇಕಾದರೆ ಮೊದಲು ಎಲ್ಲರೊಡನೆ ನೆಲದ ಮೇಲೆ ಕುಳಿತು ಉಣ್ಣಬೇಕು. ಅಕ್ಬರ್ ಬಾದಶಹನೂ ಹಾಗೆ ಕುಳಿತು ಉಂಡ ಎಂದು ಅಲ್ಲಿನವರು ಹೇಳುತ್ತಾರೆ. ಅಮರದಾಸರು ಸತಿ ಪದ್ಧತಿಯನ್ನೂ ಪರದೆಯನ್ನೂ ವಿರೋಧಿಸಿದವರು. ಅವ್ವನಿಗೆ ಬಾವಿಗೆ ಇಳಿಯಲಾಗಲಿಲ್ಲ. ಮೇಲಿನ ಮೆಟ್ಟಿಲ ಮೇಲೆ ಕುಳಿತಳು. ಕೆಳಗಿನಿಂದ ಒದ್ದೆ ಬಟ್ಟೆಯಲ್ಲಿ ಬಂದ ಹುಡುಗಿಯೊಬ್ಬಳು ತನ್ನ ಬೊಗಸೆಯ ನೀರನ್ನು ಅವ್ವನ ಬೊಗಸೆಗೆ ಸುರಿದು ಹೋದಳು.

ಸೋಮವಾರ: ಬಸ್ಸು

ಆನಂದಪುರ ಸಾಹಿಬಿಗೆ ಜಲಂಧರಿನಲ್ಲೂ ರೋಪಡಿನಲ್ಲೂ ಬಸ್ ಬದಲಿಸುತ್ತ ಹೋದೆವು, ಇಡೀ ದಿನ ಹಿಡಿಯಿತು. ಬಸ್ಸಿನ ಫಲಕಗಳು ಗುರುಮುಖಿಯಲ್ಲಿ. ಆದರೆ ಹಿಂದಿ ಎಲ್ಲರಿಗೂ ಬರುತ್ತದೆ, ಕೇಳಿದರೆ ಬಸ್ಸಿನ ತನಕ ಬಂದು ಹತ್ತಿಸುತ್ತಾರೆ. ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ ಎಂದು ಕೇಳಿ ನಮಗೂ ಉಚಿತ ಎಂದುಕೊಳ್ಳಬೇಡಿ, ನಮ್ಮ ಶಕ್ತಿ ಯೋಜನೆಯಂತೆ ಅದೂ ಆ ರಾಜ್ಯದ ನಿವಾಸಿಗಳಿಗೆ ಮಾತ್ರ.

ಗಂಡಸರನ್ನು ವೀರ್‌ಜಿ ಅಥವಾ ಭಾಜಿ, ಹೆಂಗಸರನ್ನು ಭೈಣ್‌ಜಿ ಎನ್ನಿ. ‘ಸತ್ ಶ್ರೀ ಅಕಾಲ್’ ಎಂದು ಮಾತು ಆರಂಭಿಸಿ. ಸರ್ದಾರರ ಮೇಲಿನ ನಗೆಹನಿಗಳನ್ನು ಊರಲ್ಲೇ ಬಿಟ್ಟು ಬನ್ನಿ, ಊರಲ್ಲೂ ಬೇಕಿಲ್ಲ. ಯಾರ ಪೇಟವನ್ನೂ ಮುಟ್ಟಬೇಡಿ. ಬಸ್ಸಿನಲ್ಲಿ ಪಕ್ಕದವರ ಸೊಂಟದಲ್ಲಿ ಕಿರ್ಪಾಣ್ ಎಂಬ ಸಣ್ಣ ಕತ್ತಿ ಕಂಡರೆ ಹೆದರಬೇಡಿ. ಕೇಶ, ಕಂಘಾ (ಬಾಚಣಿಗೆ), ಕಡಾ (ಕೈಬಳೆ), ಕಛೇರಾ (ಚಡ್ಡಿ) ಇವುಗಳೊಂದಿಗೆ ಅದೂ ದೀಕ್ಷೆಯ ಗುರುತು.

ಕಿಟಕಿಯ ಹೊರಗೆ ಬಿಯಾಸ್, ಸತ್ಲಜ್ ನದಿಗಳ ನಡುವಿನ ದೋಆಬಾ. ವಿದೇಶಕ್ಕೆ ಹೋದವರ ಮನೆಗಳ ಮೇಲೆ ವಿಮಾನದ ಆಕಾರದ ನೀರಿನ ತೊಟ್ಟಿಗಳು. ಊರೂರಿನಲ್ಲೂ ವೀಸಾಕ್ಕೆ ಬೇಕಾದ ಇಂಗ್ಲಿಷ್ ಕಲಿಸುವ ಫಲಕಗಳು. ಬೀಗ ಹಾಕಿದ ದೊಡ್ಡ ಮನೆಗಳ ಜಗಲಿಯಲ್ಲಿ ಒಬ್ಬೊಬ್ಬರೇ ಮುದುಕರು ಕುಳಿತಿದ್ದರು. ಅವ್ವ ಅವರನ್ನೇ ನೋಡುತ್ತ ಬಂದಳು.

ಮಂಗಳವಾರ: ಆನಂದಪುರ ಸಾಹಿಬ್

ಗುಡ್ಡದ ಮೇಲೆ ಬಿಳಿಯ ತಖ್ತ್ ಶ್ರೀ ಕೇಸ್‌ಗಢ್ ಸಾಹಿಬ್. ಅಂದು ಐವರು ಎದ್ದು ನಿಂತ ಜಾಗ. ಮೆಟ್ಟಿಲು ಬಹಳ. ನಾವು ಹತ್ತು ಹತ್ತು ಮೆಟ್ಟಿಲಿಗೆ ನಿಂತು ಹತ್ತಿದೆವು. ಒಳಗೆ ಗುರು ಗೋವಿಂದ ಸಿಂಗರ ಶಸ್ತ್ರಗಳನ್ನು ಇಟ್ಟಿದ್ದಾರೆ. ಲಾಹೋರಿನ ದಯಾ ಸಿಂಗ್, ಹಸ್ತಿನಾಪುರದ ಧರಮ್ ಸಿಂಗ್, ಜಗನ್ನಾಥ ಪುರಿಯ ಹಿಮ್ಮತ್ ಸಿಂಗ್, ದ್ವಾರಕೆಯ ಮೊಹಕಮ್ ಸಿಂಗ್, ಬೀದರಿನ ಸಾಹಿಬ್ ಸಿಂಗ್. ದೇಶದ ಐದು ಮೂಲೆ, ಐದು ಜಾತಿ. ಈ ಐವರಿಗೆ ದೀಕ್ಷೆ ಕೊಟ್ಟ ಗುರು ಆಮೇಲೆ ಅವರ ಮುಂದೆಯೇ ಮಂಡಿಯೂರಿ ಅವರ ಕೈಯಿಂದ ದೀಕ್ಷೆ ಪಡೆದರು. ಅವರಲ್ಲಿ ಒಬ್ಬ ಬೀದರಿನ ಕ್ಷೌರಿಕ. ಅವ್ವ ಹಣೆ ನೆಲಕ್ಕೆ ಹಚ್ಚಿ ಎಷ್ಟು ಹೊತ್ತಾದರೂ ಏಳದಿದ್ದಾಗ ನನಗೆ ಗಾಬರಿಯಾಯಿತು.

ಲಂಗರಿನಲ್ಲಿ ಎದುರಿಗೆ ಕುಳಿತವರು ಎಲ್ಲಿಂದ ಬಂದಿರಿ ಎಂದರು. ಬೀದರ್ ಎಂದೆ. ಅವರು ತುತ್ತು ತಟ್ಟೆಗಿಟ್ಟು ಅಚ್ಚ ಕನ್ನಡದಲ್ಲಿ ‘ಊಟ ಆಯಿತಾ ಅಮ್ಮಾ?’ ಎಂದರು. ಎಂಬತ್ತರ ದಶಕದಲ್ಲಿ ಬೀದರಿಗೆ ಎಂಜಿನಿಯರಿಂಗ್ ಓದಲು ಬಂದವರಂತೆ. ಅವ್ವನ ಮುಖ ಇಳಿದುಹೋಯಿತು. 1988ರ ಸೆಪ್ಟೆಂಬರಿನಲ್ಲಿ ನಮ್ಮೂರಿನಲ್ಲಿ ಸಿಖ್ ವಿದ್ಯಾರ್ಥಿಗಳ ಮೇಲೆ ನಡೆದ ಹಿಂಸೆ, ಸತ್ತ ಹುಡುಗರು, ಮುಚ್ಚಿದ ಬಾಗಿಲುಗಳು. ಅವಳು ಅದನ್ನು ಮನೆಯಲ್ಲಿ ಎಂದೂ ಮಾತಾಡಿದವಳಲ್ಲ. ಈಗ ಹೇಳಿದಳು. ‘ಆ ವರ್ಷ ನಮ್ಮೂರು ತಪ್ಪು ಮಾಡಿತು, ಅಣ್ಣಾ. ನಾವು ಬಾಗಿಲು ಹಾಕಿಕೊಂಡು ಒಳಗೆ ಕುಳಿತಿದ್ದೆವು.’ ನಾನು ಹಿಂದಿಗೆ ತಿರುಗಿಸಿದೆ. ಅವರು ತುಸು ಹೊತ್ತು ಸುಮ್ಮನಿದ್ದರು. ತಾನು ಅದಕ್ಕೆ ಎರಡು ವರ್ಷ ಮೊದಲೇ ಓದು ಮುಗಿಸಿದ್ದೆ, ಬಾಡಿಗೆ ಮನೆಯ ತಾಯಿ ಹಲವು ವರ್ಷ ಕಾಗದ ಬರೆಯುತ್ತಿದ್ದರು ಎಂದರು. ನಂತರ ತಮ್ಮ ಬಟ್ಟಲಿನ ಖೀರನ್ನು ಅವ್ವನ ಕಡೆ ಸರಿಸಿದರು. ಅವ್ವ ಎರಡೂ ಕೈಯಲ್ಲಿ ತೆಗೆದುಕೊಂಡಳು.

ಮಧ್ಯಾಹ್ನ ವಿರಾಸತ್-ಎ-ಖಾಲ್ಸಾ. ಮೋಶೆ ಸಾಫ್ದಿ ವಿನ್ಯಾಸಗೊಳಿಸಿ 2011ರಲ್ಲಿ ತೆರೆದ ವಸ್ತುಸಂಗ್ರಹಾಲಯ. ಪ್ರವೇಶ ಉಚಿತ, ಸೋಮವಾರ ರಜೆ. ಅದಕ್ಕೆಂದೇ ನಾವು ಸೋಮವಾರವನ್ನು ಬಸ್ಸಿಗೆ ಕೊಟ್ಟಿದ್ದೆವು. ಚೆನ್ನಾಗಿದೆ. ಆದರೆ ಆ ಖೀರಿನ ಬಟ್ಟಲಿನ ನಂತರ ನನ್ನ ಕಣ್ಣಿಗೆ ಏನೂ ಹತ್ತಲಿಲ್ಲ.

ಬುಧವಾರ: ಚಮಕೌರ್ ಸಾಹಿಬ್

ದೆಹಲಿಯ ರೈಲನ್ನು ರಾತ್ರಿಗೆ ಹಿಡಿಯುವುದಿತ್ತು. ಸಾಹಿಬ್ ಸಿಂಗ್ ಸತ್ತದ್ದು ಎಲ್ಲಿ ಎಂದು ಅವ್ವ ಬೆಳಿಗ್ಗೆ ಕೇಳಿದಳು. ರೋಪಡಿನಿಂದ ಅರ್ಧ ಗಂಟೆಯ ದಾರಿ, ಚಮಕೌರ್. ಆನಂದಪುರ ಬಿಟ್ಟು ಹೊರಟ ಗುರುವಿನ ಜೊತೆ ಬೆರಳೆಣಿಕೆಯ ಜನ ದೊಡ್ಡ ಸೇನೆಯನ್ನು ಎದುರಿಸಿದ ಜಾಗ. ಗುರುಗಳ ಹಿರಿಯ ಮಕ್ಕಳಿಬ್ಬರು, ಅಜಿತ್ ಸಿಂಗ್ ಮತ್ತು ಜುಝಾರ್ ಸಿಂಗ್ ಇಲ್ಲಿ ಕಾದಾಡಿ ಸತ್ತರು. ಹಿಮ್ಮತ್ ಸಿಂಗ್, ಮೊಹಕಮ್ ಸಿಂಗ್, ನಮ್ಮ ಸಾಹಿಬ್ ಸಿಂಗ್ ಕೂಡ. ಪ್ರವಾಸಿಗರ ಪಟ್ಟಿಯಲ್ಲಿ ಈ ಊರು ಸಾಮಾನ್ಯವಾಗಿ ಇರುವುದಿಲ್ಲ, ಬೀದರಿನವರು ಪಂಜಾಬಿಗೆ ಹೋದರೆ ಇದನ್ನು ಬಿಡಬೇಡಿ.

ಕತಲ್‌ಗಢ್ ಸಾಹಿಬ್ ಗುರುದ್ವಾರದಲ್ಲಿ ಕೈಮುಗಿದು ಹೊರಗೆ ಬಂದಾಗ ಅವ್ವ ಚೀಲದಿಂದ ಸ್ಟೀಲ್ ಬಾಟಲಿ ತೆಗೆದಳು. ಅಂಗಳದ ಬದಿಯಲ್ಲಿ ಒಬ್ಬ ಮುದುಕ ಸೇವಾದಾರರು ಬಂದವರಿಗೆಲ್ಲ ಬಟ್ಟಲುಗಳಲ್ಲಿ ನೀರು ಕೊಡುತ್ತಿದ್ದರು. ಬಾಟಲಿಯನ್ನು ಅವರ ಕೈಗಿತ್ತಳು. ನಾನಕ್ ಝೀರಾದ ನೀರು, ಭಾಯಿ ಸಾಹಿಬ್ ಸಿಂಗರ ಊರಿನದು ಎಂದು ನಾನು ಹೇಳಿದೆ. ಅವರು ಎರಡು ಸಲ ‘ಬೀದರ್?’ ಎಂದು ಕೇಳಿದರು. ಬಾಟಲಿಯನ್ನು ಹಣೆಗೆ ಒತ್ತಿಕೊಂಡರು. ಅದನ್ನು ಗರ್ಭಗುಡಿಯಂಥ ಎಲ್ಲೋ ಒಯ್ದು ಇಡುತ್ತಾರೆ ಎಂದುಕೊಂಡಿದ್ದೆ. ಅವರು ನೀರಿನ ದೊಡ್ಡ ಹಂಡೆಯ ಮುಚ್ಚಳ ತೆಗೆದು ಪೂರ್ತಿಯಾಗಿ ಅದರೊಳಗೆ ಸುರಿದು, ಸೌಟಿನಿಂದ ಕಲಕಿ, ಮೊದಲ ಬಟ್ಟಲನ್ನು ಸಾಲಿನಲ್ಲಿದ್ದ ಒಬ್ಬ ಟ್ರ್ಯಾಕ್ಟರ್ ಚಾಲಕನಿಗೆ ಕೊಟ್ಟರು.

ರೋಪಡಿನ ಬಸ್ಸು ಬಂದಿದೆ ಎಂದು ಯಾರೋ ಕೂಗಿದರು. ಅವ್ವ ಆಗಲೇ ತೋಳು ಮಡಿಚಿ, ಬಟ್ಟಲು ತೊಳೆಯುವ ತೊಟ್ಟಿಯ ಹತ್ತಿರ ನಿಂತಿದ್ದಳು. ಮುಂದಿನದಕ್ಕೆ ಹೋಗೋಣ ಎಂದಳು.